ಗಡಿ ದಾಟಲು ತಂದೆಯ ಒಪ್ಪಿಗೆ

ಗೆಲ್ಮಾ ಪುರಸಭೆಯ ಮೂರನೇ ಕಿಟಕಿಗೆ ಹುಟ್ಟು, ಸಾವು, ಮದುವೆಯ ಕಾಗದಗಳು ವರ್ಷವಿಡೀ ಬರುತ್ತವೆ. ಅಪ್ಪಂದಿರು ಬರುವುದು ಮಾತ್ರ ಜೂನ್ ತಿಂಗಳಲ್ಲಿ. ಶಾಲೆಗಳು ಮುಚ್ಚಿರುತ್ತವೆ, ಜುಲೈ ಐದರ ಸ್ವಾತಂತ್ರ್ಯ ದಿನ ಎದುರಿಗಿರುತ್ತದೆ, ಊರಿಗೆ ಊರೇ ಕಾರಿನ ನೆತ್ತಿಯ ಮೇಲೆ ಗಂಟುಮೂಟೆ ಕಟ್ಟಿಕೊಂಡು ಗಡಿಯಾಚೆಯ ಟ್ಯುನೀಶಿಯಾದ ಕಡಲಿಗೆ ಹೊರಡಲು ತುದಿಗಾಲಲ್ಲಿ ನಿಂತಿರುತ್ತದೆ. ಅಪ್ಪ ಜೊತೆಗಿಲ್ಲದ ಮಕ್ಕಳು ಗಡಿ ದಾಟಬೇಕಾದರೆ ಅಪ್ಪನ ಒಪ್ಪಿಗೆ ಪತ್ರ ಬೇಕು. ಆ ಪತ್ರಕ್ಕೆ ಅಪ್ಪ ಗುಮಾಸ್ತನ ಕಣ್ಣೆದುರೇ ಸಹಿ ಮಾಡಬೇಕು, ಗುಮಾಸ್ತ ಅದರ ಮೇಲೆ ಮೊಹರು ಒತ್ತಬೇಕು. ಮೂರನೇ ಕಿಟಕಿಯ ಗುಮಾಸ್ತ ಲಯಾಶಿ.

ಹದಿನೇಳು ವರ್ಷದಿಂದ ಅದೇ ಕುರ್ಚಿ. ನಲವತ್ತನಾಲ್ಕರ ಲಯಾಶಿಗೆ ಊರಿನ ಅಪ್ಪಂದಿರ ಸಹಿಗಳೆಲ್ಲ ಪರಿಚಯ. ಕೆಲವರದು ಉದ್ದ ಬಾಲದ ಸಹಿ, ಕೆಲವರದು ಅಂಜುಬುರುಕ ಸಹಿ.

"ಈ ಕಾಗದದಲ್ಲಿ ಮಾತ್ರ ನಾನು ಮನೆ ಯಜಮಾನ, ಲಯಾಶಿ ಅಣ್ಣ," ಎನ್ನುತ್ತಿದ್ದ ಒಬ್ಬ, ಪೆನ್ನು ಹುಡುಕುತ್ತ. "ಉಳಿದಿದ್ದಕ್ಕೆಲ್ಲ ನಮ್ಮತ್ತೆ ಸಹಿ."

"ಹಾಗಾದ್ರೆ ಇದೊಂದನ್ನಾದ್ರೂ ದಪ್ಪಕ್ಕೆ ಹಾಕಪ್ಪ," ಎನ್ನುತ್ತಿದ್ದವರು ಎರಡನೇ ಕಿಟಕಿಯ ಬಶೀರ್ ಕಾಕಾ. ಬರುವ ವರ್ಷ ನಿವೃತ್ತರಾಗುವ ಅವರು ತಮ್ಮ ಕಿಟಕಿಯ ಕೆಲಸದ ಜೊತೆ ಪಕ್ಕದ ಕಿಟಕಿಯ ಮಾತುಗಳನ್ನೂ ನೋಡಿಕೊಳ್ಳುತ್ತಿದ್ದರು.

ಲಯಾಶಿ ನಗುತ್ತಿದ್ದ, ಮೊಹರು ಒತ್ತುತ್ತಿದ್ದ, ಮುಂದಿನ ಸಂಖ್ಯೆ ಕರೆಯುತ್ತಿದ್ದ. ಅವನದು ಕೇಳುವ ಜೀವ. ಮಾತು ಅವನಿಂದ ಹೊರಡುವುದಕ್ಕಿಂತ ಅವನೊಳಗೆ ಹೋಗುವುದೇ ಹೆಚ್ಚು. ಇದೇ ಕಾರಣಕ್ಕೆ ಹೆಂಡತಿ ವಹೀಬಾ ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟಿದ್ದು. ಜಗಳವಿರಲಿಲ್ಲ, ಹೊಡೆತ ಬಡಿತವಿರಲಿಲ್ಲ. "ಈ ಮನೆಯಲ್ಲಿ ಗೋಡೆಯ ಜೊತೆ ಮಾತಾಡಿದರೆ ಅದಾದರೂ ದನಿ ತಿರುಗಿಸಿ ಕೊಡುತ್ತದೆ," ಎಂದು ಒಂದು ದಿನ ಹೇಳಿದಳು. ಆ ಮಾತಿಗೂ ಅವನು ಸುಮ್ಮನಿದ್ದ. ಈಗ ಅವಳು ಅನ್ನಾಬಾದಲ್ಲಿ, ನೆಲಹಾಸಿನ ಕಲ್ಲು ಮಾರುವ ಲಜ್‌ಹರ್ ಎಂಬವನ ಹೆಂಡತಿ. ಮಗಳು ನಿಹಾಲ್ ಕೂಡ ಅಲ್ಲೇ. ಹನ್ನೊಂದು ವರ್ಷದ ಅವಳು ವಾರ ಬಿಟ್ಟು ವಾರ ಶುಕ್ರವಾರ ಅಪ್ಪನ ಮನೆಗೆ ಬರುತ್ತಾಳೆ, ಶನಿವಾರ ಸಂಜೆ ಹೋಗುತ್ತಾಳೆ. ಆ ನಡುವಿನ ಹನ್ನೆರಡು ದಿನ ಲಯಾಶಿ ಐದು ಹೊತ್ತಿನ ನಮಾಜು ಮಾಡಿಕೊಂಡು, ಮಾಡಿದ್ದನ್ನು ಉಂಡುಕೊಂಡು, ನಾಲ್ಕನೇ ಮಹಡಿಯ ಎರಡು ಕೋಣೆಗಳಲ್ಲಿ ಒಂದರ ದೀಪವನ್ನು ಮಾತ್ರ ಹಾಕಿಕೊಂಡು ಇರುತ್ತಿದ್ದ.

ಚಳಿಗಾಲದಲ್ಲಿ ಒಂದು ಸಲ ನಿಹಾಲ್ ಕಿತ್ತಳೆ ಸುಲಿಯುತ್ತ ಸುಮ್ಮನೆ ಹೇಳಿದ್ದಳು, "ನಮ್ಮ ಕ್ಲಾಸಲ್ಲಿ ಟ್ಯುನೀಶಿಯಾ ನೋಡದೇ ಇರೋಳು ನಾನೊಬ್ಳೇ ಬಾಬಾ. ಪ್ರತಿ ವರ್ಷ ಶಾಲೆ ಶುರುವಾದ ದಿನ 'ನನ್ನ ಬೇಸಿಗೆ' ಅಂತ ಬರೆಸ್ತಾರೆ. ನಾನು ಪ್ರತಿ ವರ್ಷ ಅಜ್ಜಿ ಮನೆ ಕೋಳಿ ಬಗ್ಗೆ ಬರೀತೀನಿ. ಈಗ ಆ ಕೋಳಿನೂ ಇಲ್ಲ."

"ಈ ಬೇಸಿಗೆಗೆ ಹೋಗೋಣ," ಎಂದುಬಿಟ್ಟಿದ್ದ ಲಯಾಶಿ. ಯೋಚನೆ ಮಾಡದೆ ಅವನು ಆಡಿದ ಮಾತು ಜೀವಮಾನದಲ್ಲಿ ಅದೊಂದೇ ಇರಬೇಕು.

ಅಂದಿನಿಂದ ಅದು ಅವನನ್ನು ಹಿಡಿದುಕೊಂಡಿತು. ಮಗಳ ಪಾಸ್‌ಪೋರ್ಟು ಮಾಡಿಸಿದ. ಹಳೆಯ ಬಿಳಿ ಕಾರಿನ ಬ್ರೇಕು, ರೇಡಿಯೇಟರು ಸರಿ ಮಾಡಿಸಿದ. ಒಂದು ನೋಟುಪುಸ್ತಕದಲ್ಲಿ ದಾರಿ ಬರೆದ. ಈ ವರ್ಷ ಜುಲೈ ಐದು ಭಾನುವಾರ. ಶುಕ್ರ, ಶನಿ ಹೇಗೂ ರಜೆ, ಒಟ್ಟು ಮೂರು ದಿನ. ಶುಕ್ರವಾರ ಮೂರೂವರೆಯ ನಸುಕಿನ ನಮಾಜನ್ನು ಅನ್ನಾಬಾದಲ್ಲೇ ಮುಗಿಸಿ ಮಗಳನ್ನು ಕರೆದುಕೊಂಡು ಹೊರಡುವುದು. ಎಲ್ ಕಾಲಾದ ಕೆರೆಯ ಹತ್ತಿರ ಹತ್ತು ನಿಮಿಷ ನಿಲ್ಲಿಸಿ ಹಕ್ಕಿ ತೋರಿಸುವುದು. ಉಮ್ಮ್ ತಬೂಲ್‌ನ ಗಡಿಠಾಣೆಯನ್ನು ಆರಕ್ಕೆ ಮುಂಚೆ ಮುಟ್ಟುವುದು. ಏಳಾಯಿತೋ ಸಾಲು ಓಕ್ ಮರಗಳ ತಿರುವಿನ ತನಕ ಬೆಳೆದಿರುತ್ತದೆ. ಒಂಬತ್ತಕ್ಕೆ ತಬರ್ಕಾ. ಅಲ್ಲಿ ದಲೆಂದಾ ಎಂಬಾಕೆ ತಾರಸಿಯ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಫೆಬ್ರವರಿಯಲ್ಲೇ ಫೋನು ಮಾಡಿ ಹೇಳಿಟ್ಟಿದ್ದ. ಎರಡು ಮಂಚ, ಕಿಟಕಿ ತೆಗೆದರೆ ಕಡಲು.

ಇಷ್ಟರಲ್ಲಿ ಅವನಿಗೆ ಬೇಕಾಗಿದ್ದುದು ಒಂದೇ. ಮಗಳು ಮೊದಲ ಸಲ ದೇಶದ ಗಡಿ ದಾಟುವಾಗ ಅವಳ ಪಕ್ಕದಲ್ಲಿ ತಾನಿರಬೇಕು. ಅವಳ ಮೊದಲ ಹಲ್ಲು ಬಿದ್ದಾಗ ಅವನು ಇರಲಿಲ್ಲ, ಶಾಲೆಯ ಬಹುಮಾನದ ದಿನ ಇರಲಿಲ್ಲ, ಕೈ ಮುರಿದುಕೊಂಡ ದಿನವೂ ಇರಲಿಲ್ಲ. ಎಲ್ಲವೂ ಆ ಹನ್ನೆರಡು ದಿನಗಳ ಒಳಗೇ ಆಗಿಹೋಗುತ್ತಿದ್ದವು.

ಜೂನ್ ಹದಿನೈದರ ಸೋಮವಾರ, ಕಿಟಕಿಯೆದುರು ಜನ ಕಿಕ್ಕಿರಿದಿದ್ದಾಗ ವಹೀಬಾಳ ಫೋನು ಬಂತು.

"ಹೇಗಿದ್ದೀರಿ?"

"ಅಲ್‌ಹಮ್ದುಲಿಲ್ಲಾಹ್."

"ಲಜ್‌ಹರ್ ಅವರ ಅಣ್ಣನ ಮನೆಯವರೂ ನಾವೂ ಸೇರಿ ಟ್ಯುನೀಶಿಯಾದ ಸೂಸಾಕ್ಕೆ ಹೋಗ್ತಿದ್ದೀವಿ. ಜುಲೈ ಒಂದನೇ ತಾರೀಖು, ಬುಧವಾರ. ಹತ್ತು ದಿನ. ನಿಹಾಲ್ ಪಾಸ್‌ಪೋರ್ಟು ನಿಮ್ಮ ಹತ್ರಾನೇ ಇದೆ. ಜೊತೆಗೆ ಆ ಒಪ್ಪಿಗೆ ಪತ್ರ ಒಂದು ಬೇಕು. ಅದನ್ನ ನಿಮಗೆ ನಾನು ಹೇಳ್ಕೊಡೋದೇನಿದೆ."

"ಐದನೇ ತಾರೀಖಿಗೆ ನಾನು ಅವಳನ್ನ..."

"ಗೊತ್ತು. ಹೇಳಿದ್ಲು. ಮೂರು ದಿನ ತಬರ್ಕಾ. ನೀವು ಆಗಸ್ಟಲ್ಲಿ ಕರ್ಕೊಂಡ್ ಹೋಗಿ. ನಾನೇನು ಬೇಡ ಅಂತೀನಾ?"

"ಆಗಸ್ಟಲ್ಲಿ ನನಗೆ ರಜೆ ಸಿಗಲ್ಲ."

"ನಿಮಗೆ ಯಾವತ್ತು ಸಿಕ್ಕಿತ್ತು," ಎಂದಳು ವಹೀಬಾ. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೋಡಿ, ಮಕ್ಕಳೆಲ್ಲ ಒಟ್ಟಿಗೆ ಹೊರಟಿದ್ದಾರೆ. ಇವಳೊಬ್ಬಳನ್ನ ಯಾರ ಮನೇಲಿ ಬಿಡ್ಲಿ? ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ. ಸುಮ್ಮನಿದ್ರೆ ಅದನ್ನ ಯಾವ ಕಡೆಗೆ ಓದ್ಕೊಳ್ಳಲಿ ನಾನು?"

"ಯೋಚನೆ ಮಾಡಿ ಹೇಳ್ತೀನಿ."

"ಎಂಟು ವರ್ಷ ಇದೇ ಮಾತು ಕೇಳಿದೆ," ಎಂದು ಅವಳು ಫೋನಿಟ್ಟಳು.

ಬಶೀರ್ ಕಾಕಾ ಕೇಳದಿದ್ದವರಂತೆ ಕಾಗದ ಜೋಡಿಸುತ್ತಿದ್ದರು. ಮಧ್ಯಾಹ್ನ ಕಿಟಕಿಗಳ ಪರದೆ ಇಳಿಸಿದ ಮೇಲೆ ಎರಡು ಲೋಟ ಕಾಫಿ ತಂದು ಒಂದನ್ನು ಅವನೆದುರು ಇಟ್ಟರು.

"ಹಾಕಬೇಡ."

"ಏನನ್ನ ಕಾಕಾ?"

"ಸಹಿ. ಅವನ ಹತ್ರ ಏಳು ಸೀಟಿನ ಗಾಡಿ ಇದೆ, ಅಂಗಡಿ ಇದೆ, ನಿನ್ನ ಹೆಂಡ್ತಿ ಇದ್ದಾಳೆ. ನಿನ್ನ ಹತ್ರ ಏನಿದೆ? ಒಂದು ಸಹಿ."

"ಅವಳು ನನ್ನ ಹೆಂಡ್ತಿ ಅಲ್ಲ."

"ಸರಿಯಪ್ಪ, ತಿದ್ದಿದೆ. ಆದ್ರೂ ಮಗಳು ನಿನ್ನ ಮಗಳೇ. ಕಾನೂನು ನಿನಗೆ ಒಂದೇ ಒಂದು ಬಾಗಿಲಿನ ಚಿಲಕ ಕೊಟ್ಟಿದೆ. ಹಾಕ್ಕೋ. ಐದು ದಿನ ಆದ್ಮೇಲೆ ಅವಳೂ ಮರೀತಾಳೆ, ಇವರೂ ಮರೀತಾರೆ. ನೀನು ಮಗಳನ್ನ ಕರ್ಕೊಂಡು ಹೋಗಿ ಬಾ."

ಲಯಾಶಿ ಕಾಫಿ ಕುಡಿದ. ಹೋದ ಬೇಸಿಗೆಯ ಒಬ್ಬ ಹೆಂಗಸು ಅವನ ಕಣ್ಣ ಮುಂದೆ ಬಂದಳು. ಎರಡು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಗಂಡ ಬಂದು ಸಹಿ ಮಾಡುತ್ತೇನೆಂದು ಹೇಳಿ ಬೇಕೆಂದೇ ಬರಲಿಲ್ಲ. ಕಚೇರಿ ಮುಚ್ಚುವ ತನಕ ಕಿಟಕಿಯೆದುರಿನ ಉದ್ದ ಬೆಂಚಿನ ಮೇಲೆ ಕೂತಿದ್ದಳು. ಚಿಕ್ಕ ಮಗು ಈಜುವ ರಬ್ಬರು ಬಳೆಯನ್ನು ಗಾಳಿ ತುಂಬಿ ಸೊಂಟಕ್ಕೆ ಹಾಕಿಕೊಂಡೇ ಬಂದಿತ್ತು. ಅವರು ಎದ್ದು ಹೋಗುವಾಗ ಆ ಬಳೆ ಬಾಗಿಲಿಗೆ ಸಿಕ್ಕಿಕೊಂಡು ಕೀಚೆಂದಿತು. ಆ ಗಂಡನ ಬಗ್ಗೆ ಅಂದು ಲಯಾಶಿ ಮನಸ್ಸಿನಲ್ಲಿ ಆಡಿಕೊಂಡ ಮಾತು ದೇವರಿಗೊಬ್ಬನಿಗೇ ಗೊತ್ತು. ಈಗ ಅದೇ ಚಿಲಕ ತನ್ನ ಕೈಯಲ್ಲಿತ್ತು. ಮುಟ್ಟಿ ನೋಡಿದರೆ ತಣ್ಣಗೆ, ಭಾರವಾಗಿ, ಹಿತವಾಗಿಯೇ ಇತ್ತು. ಅದು ಅವನಿಗೆ ನಾಚಿಕೆ ತರಿಸಿತು. ಆದರೂ ಕೈ ಬಿಡಲಿಲ್ಲ. ಎರಡು ವಾರ ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಇಪ್ಪತ್ತಾರರ ಶುಕ್ರವಾರ ನಿಹಾಲ್ ಬಂದಳು. ಜುಮ್ಮಾ ನಮಾಜಿನಿಂದ ಬಂದ ಲಯಾಶಿ ಗೋಧಿ ರವೆಯ ಕುಸ್‌ಕುಸ್ ಬಡಿಸಿದ. ಅವಳು ಎಂದಿನಂತೆ ಕಡಲೆಕಾಳುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗಿಟ್ಟಳು, ಕೊನೆಗೆ ಒಟ್ಟಿಗೆ ತಿನ್ನಲೆಂದು. ಊಟವಾದ ಮೇಲೆ ಅವನು ನೋಟುಪುಸ್ತಕ ತೆಗೆದ.

"ಇಲ್ಲಿ ಕೆರೆ. ಜುಲೈಲಿ ಹಕ್ಕಿ ಕಮ್ಮಿ ಇರುತ್ತೆ, ಆದ್ರೂ ಇರುತ್ತೆ. ಇಲ್ಲಿ ಕಲ್ಲಂಗಡಿ ಮಾರೋರು ಕೂತಿರ್ತಾರೆ. ಬರೋವಾಗ ತಗೊಳ್ಳೋಣ, ಹೋಗೋವಾಗ ಬೇಡ, ಗಾಡೀಲಿ ಉರುಳಾಡುತ್ತೆ."

"ಹೂಂ ಬಾಬಾ."

"ಇದು ಗಡಿ. ಮೊದಲು ನಮ್ಮವರದ್ದು, ಆಮೇಲೆ ಅವರದ್ದು."

"ಹೂಂ ಬಾಬಾ."

"ಕೋಣೇಲಿ ಎರಡು ಮಂಚ. ಕಿಟಕಿ ಹತ್ರದ್ದು ನಿನಗೆ."

"ಹೂಂ."

ಲಯಾಶಿ ಪುಸ್ತಕ ಮುಚ್ಚಿದ. "ಅಮ್ಮ ನಿನಗೆ ಹೇಳಿದ್ದಾಳೆ, ಅಲ್ವಾ?"

ನಿಹಾಲ್ ಬೆನ್ನು ನೆಟ್ಟಗೆ ಮಾಡಿಕೊಂಡಳು. ಕೈಗಳನ್ನು ಮಡಿಲಲ್ಲಿ ಜೋಡಿಸಿದಳು. "ನಾನು ನಿನ್ನ ಜೊತೆನೇ ಬರ್ತೀನಿ ಬಾಬಾ. ನೀನು ಮೊದಲು ಹೇಳಿದ್ದು. ಮೊದಲು ಮಾತು ಕೊಟ್ಟವರಿಗೆ ಮೊದಲ ಹಕ್ಕು. ಅವರ ಜೊತೆ ಇನ್ನೊಂದು ವರ್ಷ ಹೋಗಬಹುದು."

ಒಂದು ಅಕ್ಷರವೂ ತಪ್ಪಲಿಲ್ಲ. ಎಲ್ಲಿಯೂ ಉಸಿರು ಜಾರಲಿಲ್ಲ.

ಲಯಾಶಿ ಚಿಕ್ಕಂದಿನಲ್ಲಿ ಸಿ ತಾಹರ್ ಎಂಬ ಗುರುವಿನ ಬಳಿ ಕುರಾನು ಕಲಿತವನು. ಇಪ್ಪತ್ತು ಹುಡುಗರು ತೊಡೆಯ ಮೇಲೆ ಮರದ ಹಲಗೆ ಇಟ್ಟುಕೊಂಡು, ಇಪ್ಪತ್ತು ಬೇರೆ ಬೇರೆ ಜಾಗದಿಂದ, ಒಟ್ಟಿಗೆ ಓದುತ್ತಿದ್ದರು. ಗುರುಗಳು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಆ ಗದ್ದಲದ ಒಳಗಿಂದಲೇ ಯಾರು ಎಡವಿದರು ಎಂಬುದನ್ನು ಹಿಡಿಯುತ್ತಿದ್ದರು. ಎಡವದೆ ಓದುವವನದೂ ಬಾಯಿ ಮಾತ್ರ ಓದುತ್ತಿದೆ, ಎದೆ ಬೇರೆಲ್ಲೋ ಇದೆ ಎಂಬುದನ್ನೂ ಹಿಡಿಯುತ್ತಿದ್ದರು. "ಮಗಾ, ನೀನು ಎಲ್ಲಿದ್ದೀಯೋ ಅಲ್ಲಿಂದ ವಾಪಸ್ ಬಾ," ಎನ್ನುತ್ತಿದ್ದರು. ಆ ಕಿವಿಯನ್ನು ಲಯಾಶಿ ಅವರಿಂದ ಪಡೆದಿದ್ದ. ಅಂದು ಬೆಳಗ್ಗೆ ಅನ್ನಾಬಾದಿಂದ ಗೆಲ್ಮಾದ ತನಕ, ಒಂದೂವರೆ ಗಂಟೆಯ ದಾರಿಯುದ್ದಕ್ಕೂ, ಕಾರಿನ ಕಿಟಕಿಯ ಕಡೆ ಮುಖ ಮಾಡಿ ಮಗಳು ತುಟಿ ಅಲ್ಲಾಡಿಸುತ್ತಿದ್ದುದು ಯಾಕೆಂದು ಈಗ ತಿಳಿಯಿತು.

ಅವನು ಪುಸ್ತಕವನ್ನು ಪಕ್ಕಕ್ಕಿಟ್ಟ. "ಆ ಕಡೆ ಯಾರ್‍ಯಾರು ಹೋಗ್ತಿದ್ದಾರೆ?" ಎಂದು ಸುಮ್ಮನೆ ಕೇಳುವವನಂತೆ ಕೇಳಿದ.

"ಯಾರೂ ಇಲ್ಲ. ಲಜ್‌ಹರ್ ಅವರ ಅಣ್ಣನ ಮಕ್ಕಳು ಅಮಾನಿ, ರುಫೈದಾ, ಮತ್ತೆ ಅವರ ಅಪ್ಪ ಅಮ್ಮ."

"ಅಮಾನಿ ಅಂದ್ರೆ ದೊಡ್ಡವಳಾ?"

"ಚಿಕ್ಕವಳು. ಗಾಡೀಲಿ ಕೂತ್ರೆ ವಾಂತಿ ಮಾಡ್ತಾಳೆ ಬಾಬಾ, ಅದಕ್ಕೆ ಅವಳಿಗೆ ಯಾವಾಗ್ಲೂ ಕಿಟಕಿ, ಅದು ಅನ್ಯಾಯ ಅಂತ ರುಫೈದಾ ಗಲಾಟೆ, ಆಮೇಲೆ ನಾವು ಚೀಟಿ ಎತ್ತಿದ್ವಿ, ನಂಗೇ ಬಂತು. ಅಮಾನಿ ಹೇಳಿದ್ಲು, ಸರಿ ಹಾಗಾದ್ರೆ ನಿನ್ನ ಮೇಲೇ ವಾಂತಿ ಮಾಡ್ತೀನಿ ಅಂತ." ಅವಳು ನಕ್ಕಳು. ನಗುವಿನ ಮೇಲೇ ಮಾತು ಹೊರಟಿತು. "ಮೂರು ಜನಕ್ಕೂ ಒಂದೇ ಥರ ಹುಲ್ಲಿನ ಟೋಪಿ. ಅವರಮ್ಮ ಹೆಸರು ಹೊಲಿದಿದ್ದಾರೆ, ನನ್ನದಕ್ಕೆ ನೀಲಿ ದಾರ. ಅಲ್ಲಿ ನೀರಿಗೆ ಜಾರೋ ಬಂಡೆ ಇದೆಯಂತೆ, ಮೂರು ಮಹಡಿ ಎತ್ತರ, ರುಫೈದಾ ಹೋದ ವರ್ಷ ಮೇಲೆ ಹತ್ತಿ ಹೆದರ್ಕೊಂಡು ವಾಪಸ್ ಮೆಟ್ಟಿಲಲ್ಲೇ ಇಳಿದ್ಲಂತೆ, ಈ ಸಲ ನಾವಿಬ್ರೂ ಕೈ ಹಿಡ್ಕೊಂಡು..."

ಅಲ್ಲಿಗೆ ನಿಲ್ಲಿಸಿದಳು. ಅಪ್ಪನ ಮುಖ ನೋಡಿದಳು.

"ಆದ್ರೆ ನಾನು ಹೋಗಲ್ಲ," ಎಂದಳು, ಮತ್ತೆ ಆ ನೆಟ್ಟಗಿನ ದನಿಯಲ್ಲಿ.

ಲಯಾಶಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ನಲ್ಲಿ ತಿರುಗಿಸಿ, ತಟ್ಟೆ ತೊಳೆದು, ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದ. ಹೊರಗೆ ಬಂದಾಗ ಅವಳು ನೋಟುಪುಸ್ತಕ ತೆರೆದು ಅವನ ಕೈಬರಹವನ್ನು ಬೆರಳಿಟ್ಟು ಓದುತ್ತಿದ್ದಳು.

"ಬಾಬಾ, ಎರಡೂ ಆಗಲ್ವಾ? ಅವರ ಜೊತೆ ಹೋಗಿ ಬಂದು, ಆಮೇಲೆ ನಿನ್ನ ಜೊತೆ?"

"ನೋಡೋಣ," ಎಂದ.

ಶನಿವಾರ ಸಂಜೆ ಅವಳನ್ನು ಬಿಟ್ಟು ಬಂದ ಮೇಲೆ ದಲೆಂದಾಗೆ ಫೋನು ಮಾಡಿದ. ನಿಹಾಲ್ ಸೂಸಾದಿಂದ ಬಂದ ಮೇಲೆ ಮತ್ತೆ ಅವನ ಸರದಿ ಬರುವುದು ಜುಲೈ ಇಪ್ಪತ್ತನಾಲ್ಕು, ಇಪ್ಪತ್ತೈದಕ್ಕೆ. ಒಂದು ರಾತ್ರಿ ಉಳಿದರೂ ಸಾಕು ಎಂದುಕೊಂಡಿದ್ದ.

"ಇಪ್ಪತ್ತೈದಾ?" ದಲೆಂದಾ ನಕ್ಕಳು. "ಅದು ನಮ್ಮ ಗಣರಾಜ್ಯದ ಹಬ್ಬ ಸ್ವಾಮಿ. ನಿಮ್ಮೂರಿನವರು ನಿಮ್ಮ ಹಬ್ಬಕ್ಕೆ ನಮ್ಮ ಕಡಲಿಗೆ ಬರ್ತೀರಿ. ನಮ್ಮ ಹಬ್ಬಕ್ಕೆ ನಾವೂ ನಮ್ಮ ಕಡಲಿಗೇ ಬರಬೇಕಲ್ವಾ? ಆವತ್ತು ನನ್ನ ಅಡುಗೆಮನೆಯಲ್ಲೂ ಜನ ಮಲಗ್ತಾರೆ. ನಾನೇ ನನ್ನ ತಂಗಿ ಮನೆಗೆ ಹೋಗ್ತೀನಿ."

"ಆಗಸ್ಟಲ್ಲಿ ಯಾವುದಾದ್ರೂ ಶುಕ್ರವಾರ?"

"ಸೆಪ್ಟೆಂಬರ್ ತನಕ ಕೋಣೆ ತುಂಬಿದೆ. ಯಾಕೆ, ಐದನೇ ತಾರೀಖು ಬರಲ್ವಾ? ಮಗುಗೇನಾದ್ರೂ ಹುಷಾರಿಲ್ವಾ?"

"ಹುಷಾರಾಗಿದ್ದಾಳೆ. ಬೇರೆ ಕಡೆ ಹೋಗ್ತಿದ್ದಾಳೆ."

"ಹಾಗಾದ್ರೆ ನೀವೊಬ್ರೇ ಬನ್ನಿ. ಮೀನು ಹುರಿದು ಹಾಕ್ತೀನಿ."

"ಒಬ್ಬನಿಗೆ ಎರಡು ಮಂಚದ ಕೋಣೆ ಯಾಕೆ, ಬೇರೆಯವರಿಗೆ ಕೊಡಿ," ಎಂದ ಲಯಾಶಿ. ಅವಳ ಮಕ್ಕಳಿಗೂ ಮನೆಗೂ ಒಳ್ಳೆಯದಾಗಲಿ ಎಂದು ಹರಸಿ ಫೋನಿಟ್ಟ. ವಹೀಬಾಗೆ ಒಂದು ಸಂದೇಶ ಬರೆದ: ಹೋಗಲಿ.

ಸೋಮವಾರ ಅವನು ತನ್ನ ಕುರ್ಚಿಯಿಂದ ಎದ್ದು, ಕಟಕಟೆ ದಾಟಿ, ಜನರ ಕಡೆಗೆ ಬಂದ. ತನ್ನ ಸಹಿಗೆ ತಾನೇ ಮೊಹರು ಒತ್ತುವಂತಿಲ್ಲ. ಮನಸ್ಸು ಮಾಡಿದ್ದರೆ ಒಳಗಿಂದಲೇ ಬಶೀರ್ ಕಾಕಾನಿಗೆ ಕಾಗದ ದಾಟಿಸಬಹುದಿತ್ತು. ಯಾಕೋ ಬೇಡವೆನಿಸಿತು. ಬಾಗಿಲ ಹತ್ತಿರದ ಯಂತ್ರದಿಂದ ಚೀಟಿ ತೆಗೆದುಕೊಂಡ, ನಲವತ್ತಾರು. ಸಾಲಿನಲ್ಲಿ ನಿಂತ.

"ಏನ್ ಲಯಾಶಿ, ಗಾಜಿನ ಈಚೆಗೆ ಬಂದ್ಬಿಟ್ಟೆ?" ಎಂದ ಹಿಂದೆ ಬಂದು ನಿಂತ ಬ್ರೆಡ್ಡಿನ ಭಟ್ಟಿಯವನು.

"ಒಳಗೆ ಮೊಹರಿನ ಶಾಯಿ ಒಣಗಿರಬೇಕು," ಎಂದ ಇನ್ನೊಬ್ಬ.

"ಇಲ್ಲಪ್ಪ, ನಮ್ಮ ಕಷ್ಟ ಎಷ್ಟಿದೆ ಅಂತ ಅಳೆಯೋಕೆ ಬಂದಿದ್ದಾನೆ. ಲಯಾಶಿ, ಇಲ್ಲಿಂದ ನೋಡಿದ್ರೆ ನಿನ್ನ ಖಾಲಿ ಕುರ್ಚಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ನೋಡು."

ಅವನೂ ನಕ್ಕ. ಗೋಡೆಗೆ ಕಾಗದ ಒತ್ತಿ ಹಿಡಿದು, ನಗುತ್ತಲೇ ನಮೂನೆ ತುಂಬಿದ. ಅದರ ಸಾಲುಗಳು ಅವನಿಗೆ ಕಣ್ಣು ಮುಚ್ಚಿದರೂ ಬರುತ್ತಿದ್ದವು. ನಲವತ್ತಾರು ಬಂದಾಗ ಎರಡನೇ ಕಿಟಕಿಯ ಕೆಳಗಿನ ಸಂದಿಯಿಂದ ಕಾಗದ ದೂಡಿದ.

ಬಶೀರ್ ಕಾಕಾ ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು ಅವನನ್ನು ನೋಡಿದರು. ಎಲ್ಲರಿಗೂ ಓದುವ ಹಾಗೆ ಓದತೊಡಗಿದರು. "ಕೆಳಗೆ ಸಹಿ ಮಾಡುವ ನಾನು... ನನ್ನ ಅಪ್ರಾಪ್ತ ಮಗಳು ನಿಹಾಲ್... ಹೋಗುವ ದೇಶ ಟ್ಯುನೀಶಿಯಾ... ಜೊತೆಗೆ ಹೋಗುವವರು..."

ಅಲ್ಲಿ ನಿಂತರು. ಮುಖವನ್ನು ಗಾಜಿನ ತೂತಿಗೆ ಹತ್ತಿರ ತಂದು ದನಿ ತಗ್ಗಿಸಿದರು.

"ತಮ್ಮಾ, ಇಲ್ಲಿ ನಿನ್ನ ಹೆಸರು ಬರೆದಿದ್ದೀಯ."

ಲಯಾಶಿ ಬಗ್ಗಿ ನೋಡಿದ. ಜೊತೆಗೆ ಹೋಗುವವರು ಎಂಬಲ್ಲಿ, ಅವನದೇ ದುಂಡನೆಯ ಅಕ್ಷರದಲ್ಲಿ, ಅವನ ಪೂರ್ತಿ ಹೆಸರು.

"ಅಪ್ಪನೇ ಜೊತೆಗೆ ಹೋಗೋದಾದ್ರೆ ಈ ಕಾಗದನೇ ಬೇಡ, ಅಲ್ವೇನೋ," ಎಂದರು ಕಾಕಾ. "ಬೇಕಂತ ಬರೆದ್ಯಾ?"

"ಇಲ್ಲ ಕಾಕಾ."

"ಹಾಗಾದ್ರೆ ಇನ್ನೂ ಕಷ್ಟ."

ಅವರು ಆ ಕಾಗದವನ್ನು ಹರಿಯಲಿಲ್ಲ, ಕಸದ ಬುಟ್ಟಿಗೂ ಹಾಕಲಿಲ್ಲ. ಎರಡಾಗಿ ಮಡಿಸಿ ಮೇಜಿನ ಖಾನೆಗೆ ಸೇರಿಸಿದರು. ಹೊಸ ನಮೂನೆಯೊಂದನ್ನು ಸಂದಿಯಿಂದ ದೂಡಿದರು. ಹಿಂದಿದ್ದ ಭಟ್ಟಿಯವನು "ಹದಿನೇಳು ವರ್ಷ ನಮ್ಮ ತಪ್ಪು ತಿದ್ದಿದವನು, ನೋಡ್ರಪ್ಪ," ಎಂದು ಏನೋ ಹೇಳಹೊರಟವನು ಲಯಾಶಿಗೆ ಬರೆಯಲು ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಈ ಸಲ ಲಯಾಶಿ ಒಂದೊಂದೇ ಅಕ್ಷರ ಬರೆದ. ತಾಯಿ ವಹೀಬಾ. ಕಾಕಾನ ಕಣ್ಣೆದುರು ಸಹಿ ಮಾಡಿದ. ಮೊಹರು ಬಿತ್ತು.

ಮಾರನೆಯ ದಿನ ಕಚೇರಿ ಬಿಡುವ ಹೊತ್ತಿಗೆ ಲಜ್‌ಹರ್ ಬಂದ. ದಪ್ಪಗಿನ, ಬೆವರುವ, ಸಂಕೋಚದ ಆಸಾಮಿ. ಅವನು ಒಳ್ಳೆಯವನು, ಲಯಾಶಿಗೆ ಇದ್ದ ತೊಂದರೆಯೇ ಅದು. ಪಾಸ್‌ಪೋರ್ಟು, ಕಾಗದ ಎರಡನ್ನೂ ಎರಡು ಕೈಯಲ್ಲಿ ತೆಗೆದುಕೊಂಡು ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಹೋಗದೆ ನಿಂತ.

"ದಾರಿ ಎಲ್ಲಾ ಬರೆದಿಟ್ಟಿದ್ದೀರಂತೆ. ನಿಹಾಲ್ ಹೇಳಿದ್ಲು. ನಾನು ಯಾವತ್ತೂ ಬೇಸಿಗೇಲಿ ದಾಟಿಲ್ಲ. ಉಮ್ಮ್ ತಬೂಲಾ, ಇಲ್ಲ ಮೇಲಿನ ಠಾಣೆನಾ, ಯಾವುದು ಒಳ್ಳೇದು?"

ಲಯಾಶಿ ಹೇಳಿದ. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಪೆಟ್ರೋಲು ತುಂಬಿಸಬೇಕು, ಎಲ್ಲಿಂದ ಮುಂದೆ ನೆರಳಿಲ್ಲ, ಮಕ್ಕಳಿಗೆ ನೀರು ಎಷ್ಟು ಬೇಕು, ಯಾವ ಕಡೆಯ ಸಾಲು ಬೇಗ ಸರಿಯುತ್ತದೆ. ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಪುರಸಭೆಯ ಕಾವಲುಗಾರ ಕೂಡ ಕಂಡಿರಲಿಲ್ಲ. ಅವನು ಬಾಗಿಲ ಹತ್ತಿರ ಬೀಗ ಹಿಡಿದುಕೊಂಡೇ ನಿಂತಿದ್ದ.

"ಕೆರೆ ಹತ್ರ ಹತ್ತು ನಿಮಿಷ ನಿಲ್ಸಿ," ಎಂದ ಲಯಾಶಿ ಕೊನೆಗೆ. "ಹಕ್ಕಿ ಇರುತ್ವೆ."

"ನಿಲ್ಲಿಸ್ತೀನಿ," ಎಂದ ಲಜ್‌ಹರ್. "ಅಲ್ಲಾಹ್ ನಿಮ್ಮನ್ನ ಚೆನ್ನಾಗಿಟ್ಟಿರಲಿ." ಕೈ ಕುಲುಕಿ, ಆ ಕೈಯನ್ನು ಎದೆಗೆ ಒತ್ತಿಕೊಂಡು ಹೋದ.

ಬುಧವಾರ ಹನ್ನೊಂದರ ಹೊತ್ತಿಗೆ ಲಯಾಶಿಯ ಫೋನು ಬಡಿದುಕೊಂಡಿತು. ಕಿಟಕಿಯೆದುರು ಮೂವತ್ತು ಜನ. ಕೆಲಸದ ಹೊತ್ತಿನಲ್ಲಿ ಅವನು ಫೋನು ಎತ್ತುವುದಿಲ್ಲ. ಅಂದು ಎತ್ತಿದ. ವಹೀಬಾಳ ಸಂಖ್ಯೆ, ಆದರೆ ಗಂಡಸಿನ ದನಿ.

"ಉಮ್ಮ್ ತಬೂಲ್ ಗಡಿಠಾಣೆಯಿಂದ. ನಿಮ್ಮ ಪೂರ್ತಿ ಹೆಸರು ಹೇಳಿ."

ಹೇಳಿದ. ಆ ಕಡೆ ಗಾಳಿ, ಹಾರ್ನು, ಮಕ್ಕಳ ಅಳು. ಅಧಿಕಾರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಸಾಲಿನಲ್ಲಿದ್ದವರು ಮಾತು ನಿಲ್ಲಿಸಿ ಕತ್ತೆತ್ತಿದರು.

"ಹುಡುಗಿಯ ಹುಟ್ಟಿದ ದಿನ?"

ಹೇಳಿದ.

"ಕಾಗದ ಸರಿಯಾಗೇ ಇದೆ. ಈ ಗಾಡಿಯಲ್ಲಿ ಹುಡುಗಿಯ ಮನೆತನದ ಹೆಸರಿನವರು ಬೇರೆ ಯಾರೂ ಇಲ್ಲ, ಅದಕ್ಕೇ ಒಂದು ಮಾತು ಕೇಳ್ತಿದ್ದೀನಿ. ಯಾರ ಜೊತೆ ಹೋಗ್ತಿದ್ದಾಳೆ?"

"ತಾಯಿ ಜೊತೆ."

"ಗಾಡಿ ಓಡಿಸ್ತಿರೋರು ಯಾರು? ನಿಮಗೆ ಏನಾಗಬೇಕು?"

ಲಯಾಶಿ ಬಾಯಿ ತೆರೆದ. ಇಲ್ಲ, ನಾನು ಸಹಿ ಮಾಡುವಾಗ ಇದನ್ನು ಯೋಚಿಸಿರಲಿಲ್ಲ ಎಂದರೆ ಸಾಕಾಗಿತ್ತು. ನನಗೆ ಗೊತ್ತಿಲ್ಲ ಎಂದರೂ ಸಾಕಾಗಿತ್ತು. ಗಾಡಿ ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತಿತ್ತು. ಗಾಜಿನ ಆಚೆ ಊರಿನ ಮೂವತ್ತು ಮುಖಗಳು. ನಾಲ್ಕು ವರ್ಷದಲ್ಲಿ ಕಾಕಾ ಬಿಟ್ಟರೆ ಒಬ್ಬರೂ ಅವನೆದುರು ವಹೀಬಾಳ ಮರುಮದುವೆಯ ಮಾತು ತೆಗೆದಿರಲಿಲ್ಲ, ಅವನೂ ಬಾಯಿ ಬಿಟ್ಟು ಅದನ್ನು ಹೇಳಿರಲಿಲ್ಲ.

"ನನ್ನ ಮಗಳ ತಾಯಿಯ ಗಂಡ," ಎಂದ.

"ಕೇಳಿಸ್ತಿಲ್ಲ."

"ನನ್ನ ಮಗಳ ತಾಯಿಯ ಗಂಡ," ಎಂದು ಕೂಗಿದ. "ಲಜ್‌ಹರ್ ಅಂತ. ಒಳ್ಳೆ ಮನುಷ್ಯ. ನನಗೆ ಒಪ್ಪಿಗೆ ಇದೆ. ಹೋಗಲಿ."

"ಸರಿ ಸ್ವಾಮಿ. ಹಬ್ಬದ ಶುಭಾಶಯ," ಎಂದಿತು ದನಿ. ಫೋನು ಕೈ ಬದಲಾಯಿತು. ವಹೀಬಾ ಯಾರಿಗೋ "ಎಲ್ಲರೂ ಹತ್ತಿ, ಬೇಗ, ಹಿಂದಿನವರು ಬೈತಿದ್ದಾರೆ," ಎನ್ನುವುದು ಕೇಳಿಸಿತು. ಬಾಗಿಲುಗಳು ಒಂದೊಂದಾಗಿ ಬಡಿದುಕೊಂಡವು. ಫೋನನ್ನು ಎಲ್ಲೋ ಎಸೆದಂತೆ ಒಂದು ಸದ್ದು. ಕರೆ ಮುಗಿಸುವುದು ಯಾರಿಗೂ ನೆನಪಾಗಿರಲಿಲ್ಲ.

ಸಾಲಿನ ಮುಂದೆ ನಿಂತಿದ್ದ ಮುದುಕರೊಬ್ಬರು ಟೋಪಿ ಸರಿಮಾಡಿಕೊಂಡು, "ಅಲ್ಲಾಹ್ ಸುಖವಾಗಿ ತಲುಪಿಸಲಿ ಮಗಾ," ಎಂದರು.

"ಆಮೀನ್," ಎಂದ ಲಯಾಶಿ. ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಮುದುಕರು ಕಾಗದ ಮುಂದೆ ಚಾಚಿದವರು ಹಾಗೇ ಹಿಂದಕ್ಕೆ ತೆಗೆದುಕೊಂಡು ಕಾದರು. ಹಿಂದಿದ್ದ ಯಾರೂ ಗೊಣಗಲಿಲ್ಲ. ಪಕ್ಕದ ಕಿಟಕಿಯಲ್ಲಿ ಬಶೀರ್ ಕಾಕಾ ಮೊಹರನ್ನು ಗಾಳಿಯಲ್ಲೇ ಹಿಡಿದು, ಕಾಗದಕ್ಕೆ ಒತ್ತದೆ ಕೂತರು.

ಇಂಜಿನ್ನು ಗುರುಗುಟ್ಟಿತು. ಗಾಡಿ ನಿಧಾನವಾಗಿ ಹೊರಟಿತು. ಒಳಗೆ ಮಕ್ಕಳ ಕಲರವ, ಯಾವುದು ಯಾರ ದನಿಯೆಂದು ಬೇರೆ ಮಾಡಲಾಗದು. ಲಯಾಶಿ ಕಣ್ಣು ಮುಚ್ಚಿಕೊಂಡ. ಆಗ ಅದರೊಳಗಿಂದ ಒಂದು ದನಿ ಎದ್ದು ಬಂತು.

"ನೋಡ್ರೇ, ಹಸು. ನಡು ರಸ್ತೇಲಿ. ಆ ಕಡೆಯಿಂದ ಈ ಕಡೆ ಆರಾಮಾಗಿ ಬರ್ತಿದೆ. ಅದಕ್ಕೆ ಯಾರು ಒಪ್ಪಿಗೆ ಪತ್ರ ಕೊಟ್ರು?"

ಗಾಡಿ ತುಂಬ ನಗು. ಲಜ್‌ಹರ್ ಕೂಡ ನಗುತ್ತಿದ್ದ. ಒಂದು ಹುಡುಗಿ ಹಸುವಿನಂತೆ ಕೂಗಿದಳು. ನಿಹಾಲ್ ಇನ್ನೇನೋ ಹೇಳತೊಡಗಿದಳು, "ಅದರಪ್ಪ..." ಎಂದು. ಅಷ್ಟರಲ್ಲಿ ದನಿ ತುಂಡಾಗಿ, ದೂರವಾಗಿ, ಒಂದು ಉದ್ದನೆಯ ಮೌನವಾಯಿತು. ಅವನ ದೇಶದ ಫೋನ್ ಸಂಪರ್ಕ ಅಷ್ಟರವರೆಗೇ.

ಲಯಾಶಿ ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದುಕೊಂಡಿದ್ದ.